ಪಾಠ ಕಟ್ಟುವ ವಿದ್ಯೆ

ಕರ್ನಾಟಕದ ಸರ್ಕಾರಿ ಶಾಲೆಗಳ ನಲಿಕಲಿ ತರಗತಿಯಲ್ಲಿ ಕನ್ನಡದ ಅಕ್ಷರ ಕಲಿಕೆ ‘ಅ, ಆ, ಇ, ಈ’ಯಿಂದ ಶುರುವಾಗುವುದಿಲ್ಲ. ಅಲ್ಲಿ ಮಗು ಮೊದಲು ಕಲಿಯುವುದು ರ, ಗ, ಸ, ದ, ಅ. ಈ ಐದು ಅಕ್ಷರ ಕೈಗೆ ಬಂದರೆ ಸಾಕು, ಸರ, ದರ, ರಸ, ಅರಸ, ಅಗಸ, ಗರಗಸ ಎಂದು ಮಗು ತಾನೇ ಓದತೊಡಗುತ್ತದೆ. ಮುಂದಿನ ಗುಂಪು ಜ, ವ, ಮ, ಬ, ನ. ಅದೂ ಸೇರಿತೆಂದರೆ ಮರ, ಜನ, ವನ, ಬಸವ, ನಗರ, ಅವಸರ ಎಲ್ಲವೂ ಓದಿಗೆ ಒದಗುತ್ತವೆ. ಇಷ್ಟು ಹೊತ್ತಿಗೂ ಒಂದು ಕಾಗುಣಿತ ಬಂದಿಲ್ಲ, ಒಂದು ಒತ್ತಕ್ಷರ ಬಂದಿಲ್ಲ.

ವರ್ಣಮಾಲೆಯನ್ನು ಬಾಯಿಪಾಠ ಮಾಡಿ ಬೆಳೆದ ತಂದೆತಾಯಿಗೆ ಇದು ವಿಚಿತ್ರವಾಗಿ ಕಾಣುವುದು ಸಹಜ. ಸ್ವರ ಮೊದಲು, ಆಮೇಲೆ ಕವರ್ಗ, ಚವರ್ಗ ಎಂಬ ಕ್ರಮದಲ್ಲಿ ಏನು ತಪ್ಪಿತ್ತು? ತಪ್ಪೇನೂ ಇಲ್ಲ. ಉಚ್ಚಾರಣೆಯ ಸ್ಥಾನವನ್ನು ಹಿಡಿದು ಜೋಡಿಸಿದ ಆ ಮಾಲೆ ಭಾಷೆ ಬಲ್ಲವರ ಪಾಲಿಗೆ ಅಚ್ಚುಕಟ್ಟಾದ ವ್ಯವಸ್ಥೆ. ಆದರೆ ಆರು ವರ್ಷದ ಮಗು ಋ, ಙ, ಞಗಳನ್ನು ದಾಟಿ ಮೊದಲ ಪದ ಓದುವ ಹೊತ್ತಿಗೆ ತಿಂಗಳುಗಳೇ ಉರುಳಿರುತ್ತವೆ. ಬಲ್ಲವರಿಗೆ ಒಪ್ಪುವ ಕ್ರಮ ಬೇರೆ, ಕಲಿಯುವವರಿಗೆ ಒದಗುವ ಕ್ರಮ ಬೇರೆ. ಈ ಎರಡರ ನಡುವಿನ ಅಂತರವನ್ನು ಗುರುತಿಸಿ, ಕಲಿಯುವವರ ಕಡೆಯಿಂದ ಪಾಠ ಕಟ್ಟುವ ಶಾಸ್ತ್ರಕ್ಕೆ ‘ಇನ್‌ಸ್ಟ್ರಕ್ಷನಲ್ ಡಿಸೈನ್’ ಎಂಬ ಹೆಸರಿದೆ. ಕನ್ನಡದಲ್ಲಿ ಬೋಧನಾ ವಿನ್ಯಾಸ ಎನ್ನುತ್ತಾರೆ.

ಹತ್ತಾರು ವರ್ಷ ತರಗತಿಯಲ್ಲಿ ನಿಂತ ಶಿಕ್ಷಕರು ಈ ಶಾಸ್ತ್ರವನ್ನು ಓದತೊಡಗಿದಾಗ ಮೊದಲು ಎದುರಾಗುವ ಪ್ರಶ್ನೆ: ‘ಇದರಲ್ಲಿ ಹೊಸದೇನಿದೆ? ಬಿ.ಎಡ್.ನಲ್ಲಿ ಪಾಠ ಟಿಪ್ಪಣಿ ಬರೆದಿಲ್ಲವೇ?’ ಬರೆದಿದ್ದಾರೆ. ಪೀಠಿಕೆ, ವಿಷಯ ಮಂಡನೆ, ಮೌಲ್ಯಮಾಪನ, ಗೃಹಪಾಠ ಎಂದು ಕಾಲಂ ಎಳೆದು ತುಂಬಿದ್ದಾರೆ. ಆ ಟಿಪ್ಪಣಿಯ ಬಹುಪಾಲು ಹೇಳುತ್ತಿದ್ದುದು ಶಿಕ್ಷಕರು ಏನು ಮಾಡುತ್ತಾರೆ ಎಂಬುದನ್ನು. ಪಾಠ ಮುಗಿದ ಮೇಲೆ ಮಗು ಏನು ಮಾಡಬಲ್ಲದು, ಅದು ನಮಗೆ ತಿಳಿಯುವುದು ಹೇಗೆ ಎಂಬಲ್ಲಿಂದ ಬೋಧನಾ ವಿನ್ಯಾಸ ಶುರುವಾಗುತ್ತದೆ. ಪ್ರಶ್ನೆ ಬದಲಾದ ಕೂಡಲೇ ಉಳಿದ ಕಾಲಂಗಳೂ ಒಂದೊಂದಾಗಿ ಬದಲಾಗುತ್ತವೆ.

ಯುದ್ಧದಿಂದ ಶಾಲೆಗೆ

ಈ ಶಾಸ್ತ್ರ ಹುಟ್ಟಿದ್ದು ಶಾಲೆಯಲ್ಲಲ್ಲ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೇನೆ ಲಕ್ಷಾಂತರ ಯುವಕರಿಗೆ ವಿಮಾನ, ರೇಡಾರ್, ಬಂದೂಕುಗಳ ಕೆಲಸವನ್ನು ಅಲ್ಪಕಾಲದಲ್ಲಿ ಕಲಿಸಬೇಕಾಗಿ ಬಂತು. ತರಬೇತಿಯ ಕೆಲಸಕ್ಕೆ ಮನಶ್ಶಾಸ್ತ್ರಜ್ಞರ ನೆರವು ಪಡೆದರು. ಅವರಲ್ಲಿ ರಾಬರ್ಟ್ ಗ್ಯಾನ್ಯೆ ಒಬ್ಬರು. ಪ್ರಯೋಗಾಲಯದಲ್ಲಿ ಕಂಡುಕೊಂಡ ಕಲಿಕೆಯ ನಿಯಮಗಳು ನಿಜವಾದ ತರಬೇತಿಗೆ ಎಷ್ಟು ಉಪಯೋಗಕ್ಕೆ ಬಂದವು ಎಂದು ಅವರು 1962ರ ಒಂದು ಲೇಖನದಲ್ಲಿ ಲೆಕ್ಕ ಹಾಕಿದರು. ಗುರಿಯಿಟ್ಟು ಗುಂಡು ಹಾರಿಸುವುದು, ರೇಡಾರ್ ಯಂತ್ರವನ್ನು ಚಾಲೂ ಮಾಡುವುದು, ಎಲೆಕ್ಟ್ರಾನಿಕ್ ಉಪಕರಣದ ದೋಷ ಪತ್ತೆ ಮಾಡುವುದು ಎಂಬ ಮೂರು ಕೆಲಸಗಳನ್ನು ಅವರು ಉದಾಹರಣೆಗೆ ತೆಗೆದುಕೊಂಡಿದ್ದರು. ಮತ್ತೆ ಮತ್ತೆ ಅಭ್ಯಾಸ ಮಾಡಿಸಿದರೆ ಸಾಕು ಎಂಬ ಹಳೆಯ ನಂಬಿಕೆ ಅಲ್ಲಿ ಸಾಲಲಿಲ್ಲ. ಕೆಲಸವನ್ನು ಅದರ ಭಾಗಗಳಾಗಿ ಬಿಡಿಸುವುದು, ಪ್ರತಿ ಭಾಗವೂ ಕರಗತವಾಯಿತೇ ಎಂದು ನೋಡುವುದು, ಯಾವುದರ ಮೇಲೆ ಯಾವುದು ನಿಲ್ಲುತ್ತದೆಂದು ಅರಿತು ಕ್ರಮ ಹಾಕುವುದು ಹೆಚ್ಚು ಫಲ ಕೊಟ್ಟಿತ್ತು.

1965ರಲ್ಲಿ ಬಂದ ಅವರ ‘ದಿ ಕಂಡಿಷನ್ಸ್ ಆಫ್ ಲರ್ನಿಂಗ್’ ಪುಸ್ತಕ ಈ ಕ್ಷೇತ್ರಕ್ಕೆ ತಳಹದಿ ಹಾಕಿತು. ಒಂದು ಪಾಠದಲ್ಲಿ ನಡೆಯಬೇಕಾದ ಒಂಬತ್ತು ಸಂಗತಿಗಳನ್ನು ಗ್ಯಾನ್ಯೆ ಹೆಸರಿಸಿದ್ದಾರೆ: ಗಮನ ಸೆಳೆಯುವುದು, ಗುರಿ ತಿಳಿಸುವುದು, ಹಳೆಯದನ್ನು ನೆನಪಿಸುವುದು, ವಿಷಯ ಮಂಡಿಸುವುದು, ದಾರಿ ತೋರುವುದು, ಮಾಡಿಸಿ ನೋಡುವುದು, ಮಾಡಿದ್ದು ಸರಿಯೇ ಎಂದು ಹೇಳುವುದು, ಪರೀಕ್ಷಿಸುವುದು, ಕಲಿತದ್ದು ಉಳಿಯುವಂತೆಯೂ ಬೇರೆಡೆ ಬಳಕೆಯಾಗುವಂತೆಯೂ ನೋಡಿಕೊಳ್ಳುವುದು. ಈ ಪಟ್ಟಿಯನ್ನು ತನ್ನ 40 ನಿಮಿಷದ ಪೀರಿಯಡ್ ಪಕ್ಕದಲ್ಲಿಟ್ಟು ನೋಡುವ ಶಿಕ್ಷಕಿಗೆ ಒಂದು ವಿಷಯ ಎದ್ದು ಕಾಣುತ್ತದೆ. ಒಂಬತ್ತರಲ್ಲಿ ವಿಷಯ ಮಂಡನೆ ಒಂದೇ ಒಂದು. ಆದರೆ ಪೀರಿಯಡ್‌ನ ಹೆಚ್ಚಿನ ಹೊತ್ತನ್ನು ಅದೊಂದೇ ನುಂಗಿಬಿಟ್ಟಿರುತ್ತದೆ.

ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಇದೇ ಪ್ರಶ್ನೆಗೆ ಬಂದದ್ದು ಇನ್ನೊಂದು ಬಾಗಿಲಿನಿಂದ. 1953ರ ನವೆಂಬರಿನಲ್ಲಿ ಅವರು ನಾಲ್ಕನೇ ತರಗತಿಯಲ್ಲಿದ್ದ ಮಗಳ ಗಣಿತದ ಪಾಠ ನೋಡಲು ಶಾಲೆಗೆ ಹೋಗಿದ್ದರು. ಮಕ್ಕಳು ಲೆಕ್ಕ ಮಾಡುತ್ತಿದ್ದರು. ಬೇಗ ಮುಗಿಸಿದವರು ಸುಮ್ಮನೆ ಕೂತಿದ್ದರು, ಬಾರದವರು ತಿಣುಕುತ್ತಿದ್ದರು, ಮಾಡಿದ ಲೆಕ್ಕ ಸರಿಯೋ ತಪ್ಪೋ ಎಂಬುದು ಯಾರಿಗೂ ಆ ಕ್ಷಣದಲ್ಲಿ ಗೊತ್ತಾಗುತ್ತಿರಲಿಲ್ಲ. ಸ್ಕಿನ್ನರ್ ಇದಕ್ಕೊಂದು ಬೋಧನಾ ಯಂತ್ರವನ್ನೇ ತಯಾರಿಸಿದರು. ಆ ಯಂತ್ರಗಳು ಬಹುಕಾಲ ಉಳಿಯಲಿಲ್ಲ. ಅವರು ಗುರುತಿಸಿದ ಎರಡು ಕೊರತೆಗಳು ಮಾತ್ರ ಇಂದಿನ ಎಷ್ಟೋ ತರಗತಿಗಳಲ್ಲಿ ಹಾಗೇ ಇವೆ: ಎಲ್ಲರಿಗೂ ಒಂದೇ ವೇಗ, ಸರಿ ತಪ್ಪು ತಿಳಿಯಲು ದಿನಗಟ್ಟಲೆ ಕಾಯುವಿಕೆ.

1975ರಲ್ಲಿ ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾಲಯ ಅಮೆರಿಕದ ಸೇನೆಗಾಗಿ ತರಬೇತಿ ರೂಪಿಸುವ ಐದು ಹಂತಗಳ ಮಾದರಿಯೊಂದನ್ನು ಸಿದ್ಧಪಡಿಸಿತು. ವಿಶ್ಲೇಷಣೆ, ವಿನ್ಯಾಸ, ತಯಾರಿ, ಜಾರಿ, ಮೌಲ್ಯಮಾಪನ ಎಂಬ ಹಂತಗಳೊಂದಿಗೆ ಅದು ಮುಂದೆ ‘ಆಡಿ’ ಎಂಬ ಹೆಸರಿನಲ್ಲಿ ಜಗತ್ತಿನೆಲ್ಲೆಡೆ ಹರಡಿತು. ಬೆಂಗಳೂರಿನ ಕಂಪನಿಗಳಲ್ಲಿ ಆನ್‌ಲೈನ್ ಕೋರ್ಸ್ ತಯಾರಿಸುವವರ ಬಾಯಲ್ಲಿ ಇಂದು ದಿನವೂ ಕೇಳಿಬರುವ ಮಾತು ಅದು.

ಐವತ್ತೆರಡರಲ್ಲಿ ಇಪ್ಪತ್ತೇಳು ಕಳೆದರೆ

ವಿಶ್ಲೇಷಣೆ ಎಂದರೆ ತರಗತಿಯಲ್ಲಿ ಏನು? ಒಂದು ಕಳೆಯುವ ಲೆಕ್ಕವನ್ನೇ ನೋಡೋಣ. 52ರಲ್ಲಿ 27 ಕಳೆಯಲು ಹೇಳಿದರೆ ಎರಡು ಮೂರನೇ ತರಗತಿಯ ಎಷ್ಟೋ ಮಕ್ಕಳು 35 ಎಂದು ಬರೆಯುತ್ತಾರೆ. ಶಿಕ್ಷಕರು ಕೆಂಪು ಶಾಯಿಯಲ್ಲಿ ತಪ್ಪು ಹಾಕುತ್ತಾರೆ, ಹಲಗೆಯ ಮೇಲೆ ‘ದಶಕದ ಮನೆಯಿಂದ ಒಂದು ಸಾಲ ತೆಗೆದುಕೋ’ ಎಂದು ಮತ್ತೊಮ್ಮೆ ಮಾಡಿ ತೋರಿಸುತ್ತಾರೆ. ಮರುದಿನ 63ರಲ್ಲಿ 48 ಕಳೆದು ಮಗು 25 ಎಂದು ಬರೆಯುತ್ತದೆ.

ಈ 35 ಮತ್ತು 25 ಅಜಾಗರೂಕತೆಯಿಂದ ಬಂದ ಉತ್ತರಗಳಲ್ಲ. ಬಿಡಿ ಸ್ಥಾನದಲ್ಲಿ 2ರಿಂದ 7 ಕಳೆಯಲು ಬರುವುದಿಲ್ಲ ಎಂದು ಕಂಡ ಮಗು 7ರಿಂದ 2 ಕಳೆದು 5 ಬರೆದಿದೆ. ದಶಕದಲ್ಲಿ 5ರಿಂದ 2 ಹೋದರೆ 3. ಪ್ರತಿ ಸ್ಥಾನದಲ್ಲೂ ದೊಡ್ಡದರಿಂದ ಚಿಕ್ಕದನ್ನು ಕಳೆ ಎಂಬ ತನ್ನದೇ ನಿಯಮವನ್ನು ಅದು ಶ್ರದ್ಧೆಯಿಂದ ಪಾಲಿಸುತ್ತಿದೆ. ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ 1978ರಲ್ಲಿ ಮಕ್ಕಳ ಇಂಥ ತಪ್ಪುಗಳನ್ನು ವಿಂಗಡಿಸಿ, ಅವುಗಳ ಹಿಂದೆ ಬಹುಪಾಲು ಒಂದು ಸ್ಥಿರವಾದ ವಿಧಾನವೇ ಇರುತ್ತದೆಂದು ತೋರಿಸಿದರು. ಇಲ್ಲಿ ಸಾಲದ ಕ್ರಮವನ್ನು ಇನ್ನೊಮ್ಮೆ ವಿವರಿಸುವುದರಿಂದ ಪ್ರಯೋಜನ ಕಡಿಮೆ, ಏಕೆಂದರೆ ಮಗುವಿನ ತೊಂದರೆ ಇರುವುದು ಅದಕ್ಕೂ ಕೆಳಗಿನ ಮೆಟ್ಟಿಲಿನಲ್ಲಿ. 52 ಎಂದರೆ ಐದು ಹತ್ತು ಮತ್ತು ಎರಡು. ಅದೇ 52 ನಾಲ್ಕು ಹತ್ತು ಮತ್ತು ಹನ್ನೆರಡೂ ಹೌದು ಎಂಬುದು ಅದಕ್ಕೆ ಇನ್ನೂ ಬಂದಿಲ್ಲ.

ಆದ್ದರಿಂದ ಬೋಧನಾ ವಿನ್ಯಾಸ ಬಲ್ಲ ಶಿಕ್ಷಕಿ ಹಲಗೆ ಬಿಟ್ಟು ಕಡ್ಡಿಗಳ ಕಟ್ಟಿಗೆ ಬರುತ್ತಾಳೆ. ಹತ್ತು ಹತ್ತು ಕಡ್ಡಿಯ ಐದು ಕಟ್ಟು, ಎರಡು ಬಿಡಿ ಕಡ್ಡಿ ಮಗುವಿನ ಮುಂದಿಡುತ್ತಾಳೆ. ಏಳು ಬಿಡಿ ಕಡ್ಡಿ ಕೊಡು ಎಂದರೆ ಎರಡೇ ಇವೆ. ಮಗು ತುಸು ಹೊತ್ತು ನೋಡಿ ಒಂದು ಕಟ್ಟಿನ ರಬ್ಬರ್ ಬ್ಯಾಂಡ್ ಬಿಚ್ಚುತ್ತದೆ. ಈಗ ಬಿಡಿ ಕಡ್ಡಿ ಹನ್ನೆರಡು, ಕಟ್ಟು ನಾಲ್ಕು. ಏಳು ಬಿಡಿ ಕಡ್ಡಿ ಕೊಟ್ಟು ಎರಡು ಕಟ್ಟು ಕೊಟ್ಟ ಮೇಲೆ ಉಳಿದದ್ದು 25. ಕೈ ಮಾಡಿದ್ದನ್ನು ಆಮೇಲೆ ಅಂಕಿಯಲ್ಲಿ ಬರೆಯಿಸುವುದು ಮುಂದಿನ ಹೆಜ್ಜೆ. ಹೆಜ್ಜೆಗಳ ಕ್ರಮ ಗೊತ್ತಿದ್ದರೆ ಮಗು ಎಲ್ಲಿ ನಿಂತಿದೆ ಎಂಬುದೂ ಗೊತ್ತಾಗುತ್ತದೆ.

ಗುರಿಯನ್ನು ಬರೆಯುವ ರೀತಿಯೂ ಇದರಿಂದ ಬಿಗಿಯಾಗುತ್ತದೆ. ‘ವಿದ್ಯಾರ್ಥಿಗಳು ದ್ಯುತಿಸಂಶ್ಲೇಷಣೆಯನ್ನು ಅರ್ಥ ಮಾಡಿಕೊಳ್ಳುವರು’ ಎಂದು ಟಿಪ್ಪಣಿಯಲ್ಲಿ ಬರೆಯುವುದು ರೂಢಿ. ಅರ್ಥವಾಯಿತೋ ಇಲ್ಲವೋ ಎಂದು ನೋಡುವುದು ಯಾವುದರಿಂದ? ರಾಬರ್ಟ್ ಮೇಜರ್ 1962ರಲ್ಲೇ ಹೇಳಿದಂತೆ ಗುರಿಯಲ್ಲಿ ಮೂರು ಅಂಶ ಇರಬೇಕು: ಕಲಿತವರು ಮಾಡುವ ಕೆಲಸ, ಅದನ್ನು ಮಾಡುವ ಸಂದರ್ಭ, ಎಷ್ಟು ಸರಿಯಾದರೆ ಸಾಕು ಎಂಬ ಅಳತೆ. ಆಗ ಅದೇ ಗುರಿ ಹೀಗಾಗುತ್ತದೆ: ‘ಎರಡು ದಿನ ಕತ್ತಲಲ್ಲಿಟ್ಟ ಗಿಡದ ಎಲೆ ಅಯೋಡಿನ್ ಪರೀಕ್ಷೆಯಲ್ಲಿ ನೀಲಿಗಪ್ಪು ಬಣ್ಣಕ್ಕೆ ತಿರುಗದಿದ್ದುದನ್ನು ತೋರಿಸಿದಾಗ, ವಿದ್ಯಾರ್ಥಿ ಅದರ ಕಾರಣವನ್ನು ಬೆಳಕು ಮತ್ತು ಪಿಷ್ಟದ ಸಂಬಂಧ ಹೇಳಿ ವಿವರಿಸುವನು.’ ಗ್ರಾಂಟ್ ವಿಗಿನ್ಸ್ ಮತ್ತು ಜೇ ಮೆಕ್‌ಟೈ 1998ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಗುರಿ ಬರೆದ ಕೂಡಲೇ ಪಾಠಕ್ಕೆ ಕೈಹಾಕಬೇಡಿ, ಮೊದಲು ಪರೀಕ್ಷೆ ಬರೆಯಿರಿ, ಚಟುವಟಿಕೆಯ ಯೋಚನೆ ಕಡೆಗೆ ಇರಲಿ ಎಂಬುದು ಅವರ ವಾದ. ಚಟುವಟಿಕೆಯಿಂದಲೇ ಪಾಠ ಶುರು ಮಾಡಿ ಅಭ್ಯಾಸವಿರುವ ಶಿಕ್ಷಕರಿಗೆ ಈ ತಿರುವು ಕಷ್ಟವೆನಿಸುತ್ತದೆ. ಆದರೆ ಬಣ್ಣದ ಕಾಗದ, ಅಂಟು, ಚಾರ್ಟ್ ಎಲ್ಲ ಬಳಸಿ ನಡೆದ ಸೊಗಸಾದ ಚಟುವಟಿಕೆಯಿಂದ ಮಕ್ಕಳು ಕಲಿತದ್ದು ಕತ್ತರಿಸುವುದನ್ನು ಮಾತ್ರವೇ ಎಂದು ಕೇಳಿಕೊಳ್ಳುವ ಧೈರ್ಯವನ್ನೂ ಅದು ಕೊಡುತ್ತದೆ.

ಮನಸ್ಸಿಗೆ ಹಿಡಿಸುವಷ್ಟು

ಹೊಸ ವಿಷಯವನ್ನು ಹಿಡಿದಿಟ್ಟುಕೊಳ್ಳುವ ಕಾರ್ಯಸ್ಮೃತಿ ಬಹಳ ಕಿರಿದು. ಒಂದು ಹೊತ್ತಿಗೆ ಸುಮಾರು ಏಳು ಅಂಶ ಎಂದು ಜಾರ್ಜ್ ಮಿಲ್ಲರ್ 1956ರಲ್ಲಿ ಅಂದಾಜಿಸಿದ್ದರು. ನೆಲ್ಸನ್ ಕೋವನ್ 2001ರಲ್ಲಿ ಅದನ್ನು ನಾಲ್ಕರ ಆಸುಪಾಸಿಗೆ ಇಳಿಸಿದರು. ಸಿಡ್ನಿಯ ಜಾನ್ ಸ್ವೆಲ್ಲರ್ ಈ ಮಿತಿಯನ್ನೇ ಆಧಾರವಾಗಿಟ್ಟುಕೊಂಡು 1988ರಲ್ಲಿ ಅರಿವಿನ ಹೊರೆಯ ಸಿದ್ಧಾಂತವನ್ನು ಮಂಡಿಸಿದರು. ಅದರಿಂದ ಬಂದ ಸಲಹೆಗಳು ಹಳ್ಳಿಯ ಪ್ರೌಢಶಾಲೆಗೂ ದುಬಾರಿಯಲ್ಲ. ಹೃದಯದ ಚಿತ್ರದಲ್ಲಿ 1, 2, 3 ಎಂದು ಸಂಖ್ಯೆ ಹಾಕಿ, ಹೆಸರುಗಳನ್ನು ಕೆಳಗೆ ಪಟ್ಟಿ ಮಾಡಿದರೆ ಮಗುವಿನ ಕಣ್ಣು ಮೇಲೆ ಕೆಳಗೆ ಓಡಾಡುವುದರಲ್ಲೇ ಶಕ್ತಿ ಕಳೆದುಕೊಳ್ಳುತ್ತದೆ. ‘ಎಡ ಹೃತ್ಕುಕ್ಷಿ’ ಎಂದು ಆಯಾ ಭಾಗದ ಮೇಲೇ ಬರೆದರೆ ಆ ಓಡಾಟ ತಪ್ಪುತ್ತದೆ. ಬೀಜಗಣಿತದಲ್ಲಿ ಹೊಸಬರಿಗೆ ನೇರವಾಗಿ ಹತ್ತು ಲೆಕ್ಕ ಕೊಡುವ ಬದಲು, ಪೂರ್ತಿ ಬಿಡಿಸಿದ ಒಂದು ಲೆಕ್ಕ, ಕೊನೆಯ ಹೆಜ್ಜೆ ಬಿಟ್ಟ ಒಂದು, ಕೊನೆಯ ಎರಡು ಹೆಜ್ಜೆ ಬಿಟ್ಟ ಒಂದು ಹೀಗೆ ಕೊಡುತ್ತ ಹೋಗಬಹುದು. ಮಗು ಪಳಗಿದ ಮೇಲೆ ಆ ಆಸರೆ ಬೇಕಾಗುವುದಿಲ್ಲ; ಬಲ್ಲವರಿಗೆ ಅದು ಅಡ್ಡಿಯೂ ಆಗುತ್ತದೆ.

ಮರೆವಿನ ವಿಷಯದಲ್ಲಿ ಇನ್ನೊಂದು ಅಚ್ಚರಿ ಕಾದಿದೆ. ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ಒಂದು ಗದ್ಯಭಾಗವನ್ನು ಓದಲು ಕೊಟ್ಟಿದ್ದರು. ಆಮೇಲೆ ಕೆಲವರು ಅದನ್ನು ಮತ್ತೊಮ್ಮೆ ಓದಿದರು. ಇನ್ನು ಕೆಲವರು ಪುಸ್ತಕ ಮುಚ್ಚಿ ನೆನಪಿದ್ದಷ್ಟನ್ನು ಬರೆದರು. ಐದು ನಿಮಿಷದ ನಂತರ ಪರೀಕ್ಷಿಸಿದಾಗ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರ ಕಳೆದಾಗ ಲೆಕ್ಕ ತಿರುಗಿತು: ಬರೆದು ನೋಡಿದವರಿಗೆ ಶೇ 56ರಷ್ಟು ನೆನಪಿತ್ತು, ಮತ್ತೆ ಓದಿದವರಿಗೆ ಶೇ 42ರಷ್ಟು. ಪರೀಕ್ಷೆ ಎಂದರೆ ಅಂಕ ಹಾಕುವ ಸಾಧನ ಎಂದೇ ತಿಳಿದಿದ್ದ ಶಿಕ್ಷಕರಿಗೆ, ಅದು ಕಲಿಸುವ ಸಾಧನವೂ ಹೌದು ಎಂಬುದು ಇಲ್ಲಿ ಸ್ಪಷ್ಟವಾಗುತ್ತದೆ. ಪೀರಿಯಡ್ ಆರಂಭದಲ್ಲಿ ಕಳೆದ ವಾರದ ಪಾಠದಿಂದ ಮೂರು ಪ್ರಶ್ನೆ ಕೇಳಿ, ಉತ್ತರವನ್ನು ಕಚ್ಚಾ ಹಾಳೆಯಲ್ಲಿ ಬರೆಯಿಸಿ, ಅಂಕ ಹಾಕದೆ ತಾವೇ ತಿದ್ದಿಕೊಳ್ಳಲು ಬಿಟ್ಟರೆ ಸಾಕು. ಐದು ನಿಮಿಷದ ಕೆಲಸ ಅದು.

ಕಲಿಯುವ ಜೊತೆಗೆ ಬಿಡಬೇಕಾದವೂ ಇವೆ. ಬಿ.ಎಡ್. ಓದಿದವರೆಲ್ಲ ಎಡ್ಗರ್ ಡೇಲ್ ಅವರ ಅನುಭವ ಶಂಕುವಿನ ಚಿತ್ರ ಬಿಡಿಸಿದ್ದಾರೆ. ಓದಿದ್ದರಲ್ಲಿ ಶೇ 10, ಕೇಳಿದ್ದರಲ್ಲಿ ಶೇ 20, ಮಾಡಿದ್ದರಲ್ಲಿ ಶೇ 90 ನೆನಪಿರುತ್ತದೆ ಎಂದು ಅದರ ಪಕ್ಕದಲ್ಲಿ ಬರೆದಿರುತ್ತಾರೆ. 1946ರಲ್ಲಿ ಡೇಲ್ ಆ ಚಿತ್ರ ಪ್ರಕಟಿಸಿದಾಗ ಅದರಲ್ಲಿ ಯಾವ ಶೇಕಡಾವಾರು ಅಂಕಿಯೂ ಇರಲಿಲ್ಲ. ಅವು ಆಮೇಲೆ ಬೇರೆಯವರು ಸೇರಿಸಿದವು. ಕೆಲವು ಮಕ್ಕಳು ನೋಡಿ ಕಲಿಯುವವರು, ಕೆಲವರು ಕೇಳಿ ಕಲಿಯುವವರು, ಅವರವರ ಶೈಲಿಗೆ ತಕ್ಕಂತೆ ಕಲಿಸಬೇಕು ಎಂಬ ಮಾತೂ ತರಬೇತಿಗಳಲ್ಲಿ ಕೇಳಿಬರುತ್ತದೆ. ಹೆರಾಲ್ಡ್ ಪ್ಯಾಷ್ಲರ್ ಮತ್ತು ಸಂಗಡಿಗರು 2008ರಲ್ಲಿ ಅದುವರೆಗಿನ ಸಂಶೋಧನೆಗಳನ್ನು ಪರಿಶೀಲಿಸಿ, ಹಾಗೆ ಶೈಲಿಗೆ ಹೊಂದಿಸುವುದರಿಂದ ಕಲಿಕೆ ಹೆಚ್ಚುತ್ತದೆ ಎನ್ನಲು ತಕ್ಕ ಪುರಾವೆ ಇಲ್ಲವೆಂದು ಹೇಳಿದರು. ಮಕ್ಕಳಲ್ಲಿ ಭೇದವಿಲ್ಲವೆಂದು ಇದರ ಅರ್ಥವಲ್ಲ. ಅವರಿಗೆ ಈಗಾಗಲೇ ಎಷ್ಟು ಗೊತ್ತಿದೆ ಎಂಬ ಭೇದವೇ ಪಾಠ ಕಟ್ಟಲು ಹೆಚ್ಚು ಮುಖ್ಯ.

ಹೆಗ್ಗಡದೇವನಕೋಟೆಯ ಕಾರ್ಡುಗಳು

ಇಷ್ಟೆಲ್ಲ ಓದಿದ ಮೇಲೆ ಇದು ಹೊರಗಿನವರ ಶಾಸ್ತ್ರ, ವಿಶ್ವವಿದ್ಯಾಲಯದವರ ಕೆಲಸ ಎಂದು ಯಾರಿಗಾದರೂ ಅನಿಸಿದರೆ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಕಡೆ ತಿರುಗಿ ನೋಡಬೇಕು. ಕಾಡಂಚಿನ ತಾಲ್ಲೂಕು, ಆದಿವಾಸಿ ಹಾಡಿಗಳು, ಒಂದೇ ಕೊಠಡಿಯಲ್ಲಿ ಹಲವು ತರಗತಿಯ ಮಕ್ಕಳು, ಒಬ್ಬರೇ ಶಿಕ್ಷಕರು. ಕಾಫಿ ತೋಟದ ಕೆಲಸಕ್ಕೆ ಕೊಡಗಿಗೆ ಹೊರಟ ತಂದೆತಾಯಿಯ ಜೊತೆ ಮಕ್ಕಳೂ ವಾರಗಟ್ಟಲೆ ಶಾಲೆ ಬಿಡುತ್ತಿದ್ದರು. ಮರಳಿ ಬಂದಾಗ ಪಾಠ ಎಲ್ಲೋ ಮುಂದೆ ಹೋಗಿರುತ್ತಿತ್ತು.

1995ರಲ್ಲಿ ಇಲ್ಲಿನ ಶಿಕ್ಷಕರು ಆಂಧ್ರದ ಮದನಪಲ್ಲಿ ಬಳಿಯ ರಿಷಿ ವ್ಯಾಲಿಗೆ ಹೋಗಿ, ಅಲ್ಲಿನ ಗ್ರಾಮೀಣ ಶಾಲೆಗಳಲ್ಲಿ ಕಾರ್ಡುಗಳ ಮೂಲಕ ಬಹುಹಂತದ ಕಲಿಕೆ ನಡೆಯುವುದನ್ನು ಕಂಡು ಬಂದರು. ಕಂಡದ್ದನ್ನು ನಕಲು ಮಾಡಲಿಲ್ಲ. ಯುನಿಸೆಫ್ ನೆರವಿನೊಂದಿಗೆ ತಾವೇ ಕೂತು, ಇಲ್ಲಿನ ಹಾಡು, ಕತೆ, ಆಟಗಳನ್ನು ಸೇರಿಸಿ, ಪಠ್ಯವನ್ನು ಚಿಕ್ಕ ಚಿಕ್ಕ ಹೆಜ್ಜೆಗಳಾಗಿ ಒಡೆದು ಕಾರ್ಡು ಬರೆದರು. ಅದೇ ನಲಿಕಲಿ. ಗೋಡೆಯ ಮೇಲೆ ಕಲಿಕಾ ಏಣಿ, ಏಣಿಯಲ್ಲಿ ಮೈಲಿಗಲ್ಲು, ಪ್ರತಿ ಕಾರ್ಡಿಗೂ ಒಂದು ಚಿಹ್ನೆ. ಓದು ಬಾರದ ಮಗುವೂ ಚಿಹ್ನೆ ನೋಡಿ ತನ್ನ ಕಾರ್ಡು ಹುಡುಕಿಕೊಳ್ಳುತ್ತದೆ. ಮಕ್ಕಳು ತರಗತಿಯ ಪ್ರಕಾರ ಕೂರುವುದಿಲ್ಲ. ಶಿಕ್ಷಕರ ಪೂರ್ಣ ನೆರವು ಬೇಕಾದವರು, ಅರ್ಧ ಸಾಕಾದವರು, ಗೆಳೆಯರ ಜೊತೆ ಕಲಿಯುವವರು, ತಾವೇ ಮಾಡಿಕೊಳ್ಳುವವರು ಎಂದು ಗುಂಪಾಗುತ್ತಾರೆ. ಕೊಡಗಿನಿಂದ ಮರಳಿದ ಮಗು ತಾನು ಬಿಟ್ಟ ಕಾರ್ಡಿನಿಂದಲೇ ಮುಂದುವರಿಯುತ್ತದೆ. ಎಲ್ಲರಿಗೂ ಒಂದೇ ವೇಗ ಎಂಬ ಕೊರತೆಗೆ ಸ್ಕಿನ್ನರ್ ಯಂತ್ರದಲ್ಲಿ ಹುಡುಕಿದ ಉತ್ತರವನ್ನು ಇಲ್ಲಿನ ಶಿಕ್ಷಕರು ರಟ್ಟಿನ ಕಾರ್ಡಿನಲ್ಲಿ ಕಟ್ಟಿದ್ದರು.

2009-10ರಲ್ಲಿ ಸರ್ಕಾರ ಇದನ್ನು ರಾಜ್ಯದ ಕನ್ನಡ ಮಾಧ್ಯಮ ಸರ್ಕಾರಿ ಶಾಲೆಗಳ ಕಿರಿಯ ತರಗತಿಗಳಿಗೆ ವಿಸ್ತರಿಸಿತು. ತೊಡಕುಗಳೂ ಜೊತೆಗೆ ಬಂದವು. ತಾವು ಬರೆಯದ ಕಾರ್ಡನ್ನು ಬಳಸುವ ಶಿಕ್ಷಕರಿಗೆ ಅದರ ಹಿಂದಿನ ಕಾರಣ ತಿಳಿಯದಿದ್ದರೆ ಏಣಿ ಮತ್ತೊಂದು ದಾಖಲೆಯಾಗಿಬಿಡುತ್ತದೆ. ಕಾರ್ಡು ಹರಿದರೆ ಹೊಸದು ಬರಬೇಕು, ಮಕ್ಕಳು ಹೆಚ್ಚಿದರೆ ಗುಂಪು ನಿಭಾಯಿಸುವುದು ಕಷ್ಟ. ಜಾರಿಯೂ ವಿನ್ಯಾಸದ ಭಾಗವೇ ಎಂದು ಐದು ಹಂತದ ಮಾದರಿ ಹೇಳುವುದು ಇದಕ್ಕೇ.

ಎಲ್ಲವನ್ನೂ ಗುರಿಯ ಚೌಕಟ್ಟಿಗೆ ತರಬೇಕೆಂಬ ಹಟಕ್ಕೂ ಒಂದು ಮಿತಿ ಬೇಕು. ಕಲಾಶಿಕ್ಷಣ ಚಿಂತಕ ಎಲಿಯಟ್ ಐಸ್ನರ್ 1969ರಲ್ಲೇ ಇದನ್ನು ಎತ್ತಿ ಹೇಳಿದ್ದರು: ಕೆಲವು ಅನುಭವಗಳ ಫಲ ಮಗುವಿನಿಂದ ಮಗುವಿಗೆ ಬೇರೆಯಾಗುತ್ತದೆ, ಅದನ್ನು ಮೊದಲೇ ಬರೆದಿಡಲು ಬರುವುದಿಲ್ಲ. ಬೇಂದ್ರೆಯವರ ಕವಿತೆಯನ್ನು ಗಟ್ಟಿಯಾಗಿ ಓದಿದಾಗ ಮೂವತ್ತು ಮಕ್ಕಳಲ್ಲಿ ಮೂವತ್ತು ಬಗೆ ಏಳಬಹುದು. ಪ್ರಾಸ ಗುರುತಿಸುವುದನ್ನು ಗುರಿಯಾಗಿ ಬರೆಯಬಹುದು, ಬರೆಯಬೇಕು ಕೂಡ. ಉಳಿದದ್ದಕ್ಕೆ ಪೀರಿಯಡ್‌ನಲ್ಲಿ ಜಾಗ ಬಿಡುವುದೂ ಪಾಠ ಕಟ್ಟುವ ಕೆಲಸವೇ.

ಶಿಕ್ಷಕರು ಈ ವಿದ್ಯೆಯನ್ನು ಒಬ್ಬೊಬ್ಬರೇ ಪುಸ್ತಕದಿಂದ ಕಲಿಯುವುದು ಕಠಿಣ. ಜಪಾನಿನಲ್ಲಿ ಇದಕ್ಕೆ ‘ಜುಗ್ಯೋ ಕೆಂಕ್ಯೂ’ ಎಂಬ ಹಳೆಯ ಪದ್ಧತಿಯಿದೆ. ಕೆಲವು ಶಿಕ್ಷಕರು ಸೇರಿ ಒಂದೇ ಒಂದು ಪಾಠವನ್ನು ವಾರಗಟ್ಟಲೆ ಚರ್ಚಿಸಿ ಕಟ್ಟುತ್ತಾರೆ. ಒಬ್ಬರು ಅದನ್ನು ತರಗತಿಯಲ್ಲಿ ನಡೆಸುತ್ತಾರೆ, ಉಳಿದವರು ಹಿಂದೆ ನಿಂತು ನೋಡುತ್ತಾರೆ. ಅವರು ಗಮನಿಸುವುದು ಪಾಠ ಮಾಡುವವರನ್ನಲ್ಲ, ಮಕ್ಕಳನ್ನು: ಯಾರು ಎಲ್ಲಿ ತಡೆದರು, ಯಾವ ಪ್ರಶ್ನೆಗೆ ಮುಖ ಅರಳಿತು, ನೋಟ್‌ಬುಕ್‌ನಲ್ಲಿ ಏನು ಅಳಿಸಿದರು. ಆಮೇಲೆ ಕೂತು ಪಾಠವನ್ನು ತಿದ್ದುತ್ತಾರೆ.

ಕರ್ನಾಟಕದಲ್ಲಿ ಇದಕ್ಕೆ ಹೊಸ ಕಟ್ಟಡವಾಗಲಿ ಹೊಸ ಹುದ್ದೆಯಾಗಲಿ ಬೇಕಿಲ್ಲ. ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆಗಳು ಈಗಾಗಲೇ ಇವೆ, ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳಿದ್ದಾರೆ (ಸಿಆರ್‌ಪಿ), ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳಿವೆ (ಡಯಟ್). ಆ ಸಭೆಗಳ ಒಂದಷ್ಟು ಹೊತ್ತನ್ನು ಸುತ್ತೋಲೆ, ಅಂಕಿಅಂಶಗಳಿಂದ ಬಿಡಿಸಿ, ಪ್ರತಿ ಶಿಕ್ಷಕರೂ ತಮ್ಮ ತರಗತಿಯ ಕಳೆಯುವ ಲೆಕ್ಕದ ಹತ್ತು ಉತ್ತರಪತ್ರಿಕೆ ತರುವಂತೆ ಕೇಳಿದರೆ ಕೆಲಸ ಶುರುವಾಗುತ್ತದೆ. ಹತ್ತು ಶಾಲೆಯ ನೂರು ಹಾಳೆ ಮೇಜಿನ ಮೇಲೆ ಬಿದ್ದಾಗ 35 ಎಂಬ ಉತ್ತರ ಎಷ್ಟು ಕಡೆ ಬಂದಿದೆ ಎಂದು ಎಣಿಸಬಹುದು. ಸ್ಥಾನಬೆಲೆಯ ಪಾಠವನ್ನು ಎಲ್ಲಿಂದ ತಿದ್ದಬೇಕೆಂದು ಅಲ್ಲೇ ಮಾತಾಡಿ, ತಿದ್ದಿದ ಪಾಠವನ್ನು ಯಾವ ಶಾಲೆಯಲ್ಲಿ ಮೊದಲು ನಡೆಸಿ ನೋಡುವುದು ಎಂಬುದನ್ನು ಏಳುವ ಮುನ್ನ ಗೊತ್ತು ಮಾಡಿಕೊಳ್ಳಬಹುದು.